ಮಂಗನ ಕಾಯಿಲೆ: ‘ದರಕು ತರಬೇಡಿ’ ಎಂಬುದಷ್ಟೇ ಇಷ್ಟು ವರ್ಷಗಳ ಸಂಶೋಧನೆಯ ಫಲವೇ?

ಜಯಂತಿ, ಸಾಗರ:
ಎಲ್ಲಾದರೂ ಮಂಗ ಸತ್ತ ಸುದ್ದಿ ಬಂದ ಕೂಡಲೇ ನಮ್ಮ ಭಾಗದಲ್ಲಿ ಕೇಳಿಬರುವ ಸೂಚನೆ ವರ್ಷ ವರ್ಷವೂ ಒಂದೇ: ಕಾಡಿಗೆ ಹೋಗಬೇಡಿ, ದರಕು (ಉದುರಿದ ಒಣ ಎಲೆ) ತರಬೇಡಿ, ದನಗಳನ್ನು ಬೆಟ್ಟಕ್ಕೆ ಬಿಡಬೇಡಿ, ಹೋಗಲೇಬೇಕಾದರೆ ಉಣುಗು (ಉಣ್ಣೆ ಹುಳ) ಹತ್ತದಂತೆ ಎಣ್ಣೆ ಹಚ್ಚಿಕೊಳ್ಳಿ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಈ ರೋಗದ ವೈರಸ್ ಪತ್ತೆಯಾದದ್ದು 1957ರಲ್ಲಿ. ಅದು ಉಣುಗು ಕಚ್ಚುವುದರಿಂದ ಬರುತ್ತದೆ, ಮನುಷ್ಯರಿಂದ ಮನುಷ್ಯರಿಗೆ ಅಂಟುವುದಿಲ್ಲ, ಡಿಸೆಂಬರ್‌ನಿಂದ ಮೇ ತನಕ ಹೆಚ್ಚು ಎಂಬುದೆಲ್ಲ ಬಹಳ ಹಿಂದೆಯೇ ತಿಳಿದಿದೆ. ಆದರೆ ದರಕು ಗುಡಿಸುವ ಕಾಲವೂ ಅದೇ. ಮಳೆಗಾಲಕ್ಕೆ ಮುಂಚೆ ಹೊರೆ ಕಟ್ಟಿ ತಂದು ಒಟ್ಟದಿದ್ದರೆ ಕೊಟ್ಟಿಗೆಗೆ ಹಾಸಲು ಏನೂ ಇರುವುದಿಲ್ಲ. ಹಾಸದಿದ್ದರೆ ಗೊಬ್ಬರವಿಲ್ಲ, ಗೊಬ್ಬರವಿಲ್ಲದೆ ತೋಟವಿಲ್ಲ. ಹೊರೆಯನ್ನು ತಲೆಯ ಮೇಲೆ ಹೊತ್ತು ಬರುವಾಗ ಕಣ್ಣಿಗೂ ಸರಿಯಾಗಿ ಕಾಣದ ಉಣುಗಿನ ಮರಿಗಳು ಕುತ್ತಿಗೆಯ ಹಿಂದಕ್ಕೆ ಇಳಿಯುತ್ತವೆ. ಹಚ್ಚಿಕೊಂಡ ಎಣ್ಣೆ ಬೆವರಿನೊಂದಿಗೆ ಅಷ್ಟರಲ್ಲಿ ಇಳಿದುಹೋಗಿರುತ್ತದೆ. ಸಂಶೋಧನೆ ಕಾಗದದಲ್ಲೇ ಉಳಿದಿದೆ. ನಮ್ಮ ಮನೆಯ ತನಕ ಬಂದಿರುವುದು ‘ಬೇಡ’ ಎಂಬ ಮಾತು ಮಾತ್ರ. ನಿಮ್ಮ ಅಭಿಪ್ರಾಯವೇನು?

ಶ್ರೀಕಾಂತ, ಬೆಂಗಳೂರು:
‘ಸಂಶೋಧನೆ ಕಾಗದದಲ್ಲೇ ಉಳಿದಿದೆ’ ಎಂಬ ಮಾತನ್ನು ನಾನು ಒಪ್ಪಲಾರೆ. ಆರಂಭದಲ್ಲಿ ರಷ್ಯಾದ ಮೆದುಳುಜ್ವರದ ಲಸಿಕೆಯನ್ನು ಇಲ್ಲಿ ಪ್ರಯೋಗಿಸಿ, ಅದು ಫಲ ಕೊಡದಿದ್ದಾಗ, ಈ ರೋಗದ ವೈರಸ್ಸನ್ನೇ ಕೋಳಿ ಭ್ರೂಣದ ಜೀವಕೋಶಗಳಲ್ಲಿ ಬೆಳೆಸಿ, ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿ ಲಸಿಕೆ ತಯಾರಿಸಿದರು. 1990–92ರಲ್ಲಿ ಕರ್ನಾಟಕದ ಮೂರು ಜಿಲ್ಲೆಗಳಲ್ಲಿ ನಡೆದ ಪರೀಕ್ಷೆಯಲ್ಲಿ ಒಂದು ಡೋಸ್ ಪಡೆದವರಲ್ಲಿ ಶೇ. 79.3, ಎರಡು ಡೋಸ್ ಪಡೆದವರಲ್ಲಿ ಶೇ. 93.5 ರಕ್ಷಣೆ ಕಂಡುಬಂದಿತ್ತು. ಮಲೆನಾಡಿನ ತೋಳಿಗೆ ತಲುಪಿದ ಲಸಿಕೆಯನ್ನು ಕಾಗದ ಎನ್ನುವುದು ನ್ಯಾಯವಲ್ಲ.

ನಾಗರಾಜ, ತೀರ್ಥಹಳ್ಳಿ:
ಶೇ. 93.5 ಎಂಬ ಸಂಖ್ಯೆಯನ್ನು ಎತ್ತಿಕೊಂಡು ಅಲ್ಲಿಗೇ ನಿಲ್ಲಿಸಿದ್ದೀರಿ. 2005ರಿಂದ 2010ರವರೆಗಿನ ಪ್ರಕರಣಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟವಾದ ಅಧ್ಯಯನ ಹೇಳುವುದು ಬೇರೆ: ಎರಡು ಡೋಸ್‌ಗಳಿಂದ ಸಿಕ್ಕ ರಕ್ಷಣೆ ಶೇ. 62.4, ಬೂಸ್ಟರ್ ಸೇರಿದರೆ ಶೇ. 82.9, ಒಂದೇ ಡೋಸ್ ಪಡೆದವರಿಗೆ ಉಪಯೋಗವೇ ಕಾಣಲಿಲ್ಲ. ಪರೀಕ್ಷೆಯಲ್ಲಿ ಅಷ್ಟು ಚೆನ್ನಾಗಿದ್ದ ಅದೇ ಲಸಿಕೆ ಊರಿನಲ್ಲಿ ಇಷ್ಟಕ್ಕೆ ಇಳಿದದ್ದನ್ನು ಮುಚ್ಚಿಟ್ಟು ವಾದಿಸಬಾರದು.

ಶ್ರೀಕಾಂತ, ಬೆಂಗಳೂರು:
‘ಮುಚ್ಚಿಟ್ಟು’ ಎಂಬ ಪದವನ್ನು ದಯವಿಟ್ಟು ಹಿಂತೆಗೆದುಕೊಳ್ಳಿ. ಮೊದಲನೆಯದು ವ್ಯವಸ್ಥಿತವಾಗಿ ಲಸಿಕೆ ಹಾಕಿ ಅಳೆದ ಪರೀಕ್ಷೆ. ಎರಡನೆಯದು ವರ್ಷಗಳ ನಂತರ ದಾಖಲೆಗಳನ್ನು ನೋಡಿ ಹಾಕಿದ ಲೆಕ್ಕ. ಇವೆರಡನ್ನೂ ಅಕ್ಕಪಕ್ಕದಲ್ಲಿಟ್ಟು ಒಂದರಿಂದ ಇನ್ನೊಂದನ್ನು ಕಳೆಯುವ ಹಾಗಿಲ್ಲ. ನೀವೇ ಕೊಟ್ಟ ಶೇ. 82.9 ನನ್ನ ವಾದವನ್ನೇ ಬಲಪಡಿಸುತ್ತದೆ. ಒಂದು ತಿಂಗಳ ಅಂತರದಲ್ಲಿ ಎರಡು ಡೋಸ್, ಆರರಿಂದ ಒಂಬತ್ತು ತಿಂಗಳಿಗೆ ಬೂಸ್ಟರ್, ಆಮೇಲೆ ವರ್ಷಕ್ಕೊಂದು ಎಂಬ ಕ್ರಮವಿತ್ತು. ಜನರು ಬೂಸ್ಟರ್‌ಗೆ ಬರಲಿಲ್ಲ. ಅದು ವಿಜ್ಞಾನದ ದೋಷವಲ್ಲ.

ರೇಣುಕಾ, ಆಶಾ ಕಾರ್ಯಕರ್ತೆ:
‘ಜನರು ಬೂಸ್ಟರ್‌ಗೆ ಬರಲಿಲ್ಲ’ ಎಂದು ಎಷ್ಟು ಸಲೀಸಾಗಿ ಬರೆದುಬಿಟ್ಟಿರಿ, ಸರ್! ಆ ಸೂಜಿ ಚುಚ್ಚಿದ ತೋಳು ಊದಿಕೊಂಡು, ಮರುದಿನ ಕತ್ತಿ ಎತ್ತಲಾರದೆ ಕೂಲಿ ಕಳೆದುಕೊಂಡವರ ಮನೆಬಾಗಿಲಿಗೆ ಮತ್ತೆ ಹೋಗಿ ‘ಇನ್ನೊಂದು ಇದೆ, ಬನ್ನಿ’ ಎಂದು ಕರೆದವಳು ನಾನು. ಗದ್ದೆ ಕೊಯ್ಲಿನ ದಿನಗಳಲ್ಲೇ ಲಸಿಕೆ ಶಿಬಿರ ಇಟ್ಟರೆ ಯಾರು ಬರುತ್ತಾರೆ? ಇನ್ನೊಂದು ಸಂಗತಿಯನ್ನು ನೀವು ಓದಿರಬೇಕಿತ್ತು. 2011–12ರ ಹಾವಳಿಯನ್ನು ಪರಿಶೀಲಿಸಿದ ತಜ್ಞರೇ, 2011ರಲ್ಲಿ ಬೂಸ್ಟರ್‌ಗೆ ಬೇಕಾದ ಲಸಿಕೆ ಲಭ್ಯವಿರಲಿಲ್ಲ, ಪ್ರಕರಣಗಳು ಹೆಚ್ಚಲು ಅದೂ ಕಾರಣವಿರಬಹುದು ಎಂದು ಬರೆದಿದ್ದಾರೆ. ಸರಬರಾಜೇ ಇಲ್ಲದ ವರ್ಷದಲ್ಲಿ ಬರಲಿಲ್ಲವೆಂದು ಜನರನ್ನು ದೂರುವುದು ಯಾವ ಸೀಮೆಯ ನ್ಯಾಯ?

ಗಣಪತಿ, ಸಿದ್ದಾಪುರ:
ಲಸಿಕೆಯ ಶೇಕಡಾವಾರು ಲೆಕ್ಕದಲ್ಲಿ ಮೂಲ ಪ್ರಶ್ನೆ ಕಳೆದುಹೋಗುತ್ತಿದೆ. ಜಯಂತಿಯವರು ಕೇಳಿದ್ದು ಕಾಡು, ದರಕು, ದನಗಳ ಬಗ್ಗೆ. ಕಾಡು ಕಡಿದು ಅಂಚುಗಳಲ್ಲಿ ಕೃಷಿ, ಮೇವು ಹೆಚ್ಚಿದಂತೆ ಉಣುಗುಗಳೂ ಹೆಚ್ಚುತ್ತವೆ ಎಂಬ ವಾದವನ್ನು ಬೋಶೆಲ್ ಎಂಬ ವಿಜ್ಞಾನಿ 1969ರಲ್ಲೇ ಮಂಡಿಸಿದ್ದರು. 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿ ತಾಲ್ಲೂಕಿನ ನಿಡ್ಲೆಯ ಸುತ್ತ, ಗೇರು ತೋಟಕ್ಕಾಗಿ ಕಾಡು ಸವರಿದ ಮೇಲೆ, ಸಾವಿರಕ್ಕೂ ಹೆಚ್ಚು ಜನ ಈ ಜ್ವರಕ್ಕೆ ತುತ್ತಾದರು. 2020ರಲ್ಲಿ ಪ್ರಕಟವಾದ, ಭಾರತ ಮತ್ತು ಬ್ರಿಟನ್ನಿನ ಸಂಶೋಧಕರು ಸೇರಿ ಮಾಡಿದ ಅಧ್ಯಯನವೂ, ತೇವಭರಿತ ನಿತ್ಯಹರಿದ್ವರ್ಣ ಕಾಡು ಮತ್ತು ತೋಟಗಳು ಒಂದರೊಳಗೊಂದು ಬೆರೆತಿರುವ, ನಾಡದನಗಳ ಸಂಖ್ಯೆ ಹೆಚ್ಚಿರುವ ಪ್ರದೇಶಗಳಲ್ಲಿ ಅಪಾಯ ಹೆಚ್ಚು ಎಂದು ತೋರಿಸಿದೆ. ತೋಟಕ್ಕೆ ಸೊಪ್ಪು, ದರಕು ತರುವ ನಮ್ಮ ಸೊಪ್ಪಿನಬೆಟ್ಟಗಳ ಚಿತ್ರ ಇದಕ್ಕಿಂತ ಭಿನ್ನವೇನಲ್ಲ. ಕಾಡಿಗೆ ಹೋಗಬೇಡಿ ಎನ್ನುವ ಮೊದಲು, ಕಾಡನ್ನು ತುಂಡು ತುಂಡು ಮಾಡಲು ಅನುಮತಿ ಕೊಟ್ಟವರನ್ನು ಪ್ರಶ್ನಿಸಬೇಕು.

ಜಯಂತಿ, ಸಾಗರ:
‘ನಾಡದನಗಳ ಸಂಖ್ಯೆ ಹೆಚ್ಚಿರುವ’ ಎಂದರೆ ಕೊನೆಗೆ ತಪ್ಪು ನಮ್ಮ ಮಲೆನಾಡು ಗಿಡ್ಡಗಳ ತಲೆಗೇ ಬಂತಲ್ಲ. ಹಟ್ಟಿಯಲ್ಲಿ ಉಳಿದಿರುವ ದನಗಳನ್ನೂ ಮಾರಿಬಿಡಿ ಎನ್ನುವಿರಾ?

ಗಣಪತಿ, ಸಿದ್ದಾಪುರ:
ಹಾಗೆಂದು ನಾನು ಎಲ್ಲಿಯೂ ಹೇಳಿಲ್ಲ. ದನದ ಮೈಯಲ್ಲಿ ದೊಡ್ಡ ಉಣುಗುಗಳು ರಕ್ತ ಹೀರಿ ಬೆಳೆಯುತ್ತವೆ, ಆದರೆ ದನಗಳು ವೈರಸ್ಸನ್ನು ಉಳಿಸಿಕೊಂಡು ಹಬ್ಬಿಸುವುದಿಲ್ಲ ಎಂಬುದು ದೃಢಪಟ್ಟಿರುವ ವಿಷಯ. ಮೇಯಲು ಹೋಗುವ ದನಗಳ ಮೈಮೇಲಿನ ಉಣುಗನ್ನು ಔಷಧಿಯಿಂದ ತಗ್ಗಿಸಲು ಪಶುವೈದ್ಯ ಇಲಾಖೆ ಹಟ್ಟಿಹಟ್ಟಿಗೂ ಬರಬೇಕು ಎಂಬುದು ನನ್ನ ಬೇಡಿಕೆ.

ಶ್ರೀಕಾಂತ, ಬೆಂಗಳೂರು:
ರೇಣುಕಾ ಅವರೇ, ‘ಸರಬರಾಜೇ ಇಲ್ಲದ ವರ್ಷ’ ಎಂದಿದ್ದೀರಿ. ಅದು ಒಂದು ವರ್ಷದ ಮಾತು. ಉಳಿದ ವರ್ಷಗಳಲ್ಲಿ ಲಸಿಕೆ ಇತ್ತಲ್ಲವೇ? ಸರಬರಾಜಿನ ವೈಫಲ್ಯ ಆಡಳಿತದ್ದು, ಸಂಶೋಧನೆಯದಲ್ಲ. ನನ್ನ ಮೊದಲ ಮಾತು ಈಗಲೂ ನಿಂತಿದೆ.

ನಾಗರಾಜ, ತೀರ್ಥಹಳ್ಳಿ:
‘ಸಂಶೋಧನೆಯದಲ್ಲ’ ಎಂಬ ಈ ಗೆರೆಯನ್ನು ನೀವು ಎಲ್ಲಿ ಬೇಕೋ ಅಲ್ಲಿ ಎಳೆಯುತ್ತಿದ್ದೀರಿ. ಲಸಿಕೆ ಫಲಿಸಿದರೆ ವಿಜ್ಞಾನದ ಗೆಲುವು, ಫಲಿಸದಿದ್ದರೆ ಆಡಳಿತದ ಸೋಲು ಎನ್ನುವುದಾದರೆ ನಿಮ್ಮ ವಾದವನ್ನು ಯಾವ ಪುರಾವೆಯೂ ಅಲುಗಾಡಿಸಲಾರದು. ಎರಡು ಡೋಸ್ ಕ್ರಮಬದ್ಧವಾಗಿ ಪಡೆದವರಲ್ಲೇ ಶೇ. 62.4 ಎಂಬುದಕ್ಕೆ ನೀವು ಇನ್ನೂ ಉತ್ತರಿಸಿಲ್ಲ; ಅವರೆಲ್ಲ ಕರೆದಾಗ ಬಂದವರೇ. ಪರಿಣಾಮ ಸಾಲದೆಂಬ ಕಾರಣಕ್ಕೆ 2022ರಲ್ಲಿ ಆ ಲಸಿಕೆಯನ್ನೇ ನಿಲ್ಲಿಸಿದರು. ನಿಲ್ಲಿಸಿದ ಮೇಲೂ ಶೇ. 93.5ನ್ನು ಹಿಡಿದುಕೊಂಡಿರುವುದು ಏಕೆಂದು ತಿಳಿಯುತ್ತಿಲ್ಲ.

ಶ್ರೀಕಾಂತ, ಬೆಂಗಳೂರು:
‘ನಿಲ್ಲಿಸಿದರು’ ಎಂಬುದೇ ನನ್ನ ಪಾಲಿಗೆ ದೊಡ್ಡ ಸಾಕ್ಷಿ. ಅಂಕಿ ಅಂಶ ನೋಡಿ ಲಸಿಕೆಯನ್ನು ಕೈಬಿಡುವುದು, ಹೊಸದನ್ನು ಸಿದ್ಧಪಡಿಸಲು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮುಂದಾಗುವುದು, ಇವೆಲ್ಲ ಸಂಶೋಧನೆ ಜೀವಂತವಾಗಿದೆ ಎಂಬುದರ ಗುರುತು. ಶೇ. 62.4 ರಕ್ಷಣೆ ಎಂದರೆ ಸೊನ್ನೆಯಲ್ಲ; ನೂರಕ್ಕೆ ಮೂರರಿಂದ ಐದು ಜನ ಸಾಯುವ ರೋಗದಲ್ಲಿ ಅದು ಎಷ್ಟೋ ಮನೆಗಳನ್ನು ಉಳಿಸಿರುತ್ತದೆ.

ರೇಣುಕಾ, ಆಶಾ ಕಾರ್ಯಕರ್ತೆ:
‘ಎಷ್ಟೋ ಮನೆಗಳನ್ನು ಉಳಿಸಿರುತ್ತದೆ’ ಎಂದಿರಿ. 2018–19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಉಳಿಯದ ಮನೆಗಳ ಬಗ್ಗೆಯೂ ಒಂದು ಸಾಲು ಬರೆಯಬಹುದಿತ್ತು. ಜ್ವರ, ವಿಪರೀತ ತಲೆನೋವು, ಸೊಂಟ ಮುರಿದ ಹಾಗೆ ಮೈಕೈ ನೋವು ಎಂದು ಮಲಗಿದವರಿಗೆ ನೇರ ಗುಣಪಡಿಸುವ ಔಷಧಿ ಇಲ್ಲ. ಲಕ್ಷಣ ನೋಡಿ ಆರೈಕೆ ಮಾಡಬೇಕು, ರಕ್ತಸ್ರಾವದ ಮೇಲೆ ಕಣ್ಣಿಡಬೇಕು, ಜ್ವರ ಬಿಟ್ಟು ಕೆಲವು ದಿನಗಳ ಮೇಲೆ ಮತ್ತೆ ಮರುಕಳಿಸಿ ಮೆದುಳಿಗೆ ತೊಂದರೆಯಾಗಬಹುದು. ಹಾಸಿಗೆಯ ಪಕ್ಕ ನಿಂತು ನೋಡಿದವರಿಗೆ ನಿಮ್ಮ ಶೇಕಡಾ ಲೆಕ್ಕದ ಗೆಲುವು ರುಚಿಸುವುದಿಲ್ಲ. ಲಸಿಕೆ ನಿಂತಿರುವ ಈಗ ನಮ್ಮ ಕೈಯಲ್ಲಿರುವುದು ಎಣ್ಣೆಯ ಬಾಟಲಿ ಒಂದೇ. ಅದನ್ನಾದರೂ ನವೆಂಬರ್‌ ಮುಗಿಯುವ ಮೊದಲು ಸಾಕಷ್ಟು ಕಳಿಸಿ ಎಂದು ನಾವು ಪ್ರತಿ ಸಭೆಯಲ್ಲೂ ಕೇಳುತ್ತಿದ್ದೇವೆ.

ಶ್ರೀಕಾಂತ, ಬೆಂಗಳೂರು:
ನಾನು ‘ಗೆಲುವು’ ಎಂದು ಬರೆದಿಲ್ಲ. ಆ ಪದ ನಾಗರಾಜರದ್ದು. ಎಣ್ಣೆಯ ಬಗ್ಗೆ ನನ್ನ ತಕರಾರಿಲ್ಲ. ಆ ಎಣ್ಣೆಯಲ್ಲಿರುವ ಡೆಪಾ ಎಂಬ ರಾಸಾಯನಿಕವನ್ನು ರೂಪಿಸಿದ್ದೂ ರಕ್ಷಣಾ ಇಲಾಖೆಯ ಪ್ರಯೋಗಾಲಯವೇ ಎಂಬುದನ್ನು ಮಾತ್ರ ನೆನಪಿಸುತ್ತೇನೆ.

ಜಯಂತಿ, ಸಾಗರ:
‘ಪ್ರಯೋಗಾಲಯವೇ’ ಎಂಬಲ್ಲಿಗೆ ಮತ್ತೆ ಬಂದಿರಿ. ನಾನು ಕೇಳಿದ್ದು ಯಾರು ಕಂಡುಹಿಡಿದರು ಎಂದಲ್ಲ. ದರಕಿನ ಬದಲು ಕೊಟ್ಟಿಗೆಗೆ ಏನು ಹಾಸಬೇಕು? ಅಡಿಕೆ ಸೋಗೆ, ಭತ್ತದ ಹುಲ್ಲು, ತೆಂಗಿನ ನಾರು, ಇವುಗಳಲ್ಲಿ ಯಾವುದು ನಮ್ಮ ಮಳೆಗೆ ತಾಳುತ್ತದೆ, ಯಾವುದರ ಗೊಬ್ಬರ ತೋಟಕ್ಕೆ ಒಗ್ಗುತ್ತದೆ, ಕೊಳ್ಳುವುದಾದರೆ ಹಣ ಯಾರು ಕೊಡುತ್ತಾರೆ? ಮಂಗ ಸತ್ತ ಜಾಗದ ಸುತ್ತ ಕೀಟನಾಶಕದ ಪುಡಿ ಚೆಲ್ಲಿ ಹೋಗುತ್ತಾರೆ. ಆ ಜಾಗದಿಂದ ಎಷ್ಟು ದೂರದ ದರಕು, ಎಷ್ಟು ದಿನ ಬಿಸಿಲಿಗೆ ಹಾಕಿದ ಮೇಲೆ ಮುಟ್ಟಬಹುದು ಎಂದು ಹೇಳುವವರು ನಮ್ಮೂರಿಗೆ ಬಂದಿಲ್ಲ. ಇದಕ್ಕೆ ಉತ್ತರ ಗೊತ್ತಿರುವವರು ಮಾತ್ರ ಇನ್ನು ಮುಂದೆ ಬರೆಯಿರಿ.

ನಾಗರಾಜ, ತೀರ್ಥಹಳ್ಳಿ:
‘ಮಾತ್ರ’ ಎಂದು ಚರ್ಚೆಗೆ ಬೇಲಿ ಹಾಕಬೇಡಿ, ಜಯಂತಿಯವರೇ. ಹೊಸ ಲಸಿಕೆ ನಾಳೆ ಬಂದರೆ ಮತ್ತೆ ಒಂದೇ ದೊಡ್ಡ ಸಂಖ್ಯೆಯನ್ನು ಮುಂದಿಟ್ಟು ನಮ್ಮ ತೋಳು ಕೇಳುತ್ತಾರೆ. ಒಂದು ಡೋಸ್‌ಗೆ ಎಷ್ಟು, ಎರಡಕ್ಕೆ ಎಷ್ಟು, ವರ್ಷ ಕಳೆದ ಮೇಲೆ ಎಷ್ಟು ಎಂಬುದನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಯ ಮೇಲೆ ಕನ್ನಡದಲ್ಲಿ ಬರೆಸಿರಿ ಎಂದು ಈಗಲೇ ಕೇಳದಿದ್ದರೆ ಆಗ ಕೇಳಲು ಸಮಯ ಸಿಗುವುದಿಲ್ಲ. ಶ್ರೀಕಾಂತರು ಶೇ. 62.4ಕ್ಕೆ ಉತ್ತರ ಕೊಡುವುದು ಇನ್ನೂ ಬಾಕಿ ಇದೆ.