ಮಾರಿಸ್ ಮೈನರ್ ಮುಂಚಕ್ರದ ಬ್ರೇಕ್ ಸ್ಪ್ರಿಂಗ್ ಕೂರುತ್ತಿಲ್ಲ

ಪ್ರಶ್ನೆ:
ತಾತನವರ ಕಾಲದಿಂದ ಮನೆಯಲ್ಲಿರುವ 1958ರ ಮಾರಿಸ್ ಮೈನರ್ 1000 ಕಾರಿನ ಮುಂಚಕ್ರಗಳಿಗೆ ಹೊಸ ಬ್ರೇಕ್ ಶೂ (ಡ್ರಮ್ಮಿಗೆ ಒಳಗಿನಿಂದ ಒತ್ತುವ ಕಮಾನು) ಹಾಕುತ್ತಿದ್ದೇನೆ. 7 ಅಂಗುಲದ ಡ್ರಮ್, ಚಕ್ರಕ್ಕೆ ಶೂಗಳನ್ನು ಹೊರಕ್ಕೆ ತಳ್ಳುವ ಎರಡೆರಡು ವೀಲ್ ಸಿಲಿಂಡರ್. ಎರಡೂ ಶೂಗಳನ್ನು ಜಾಗದಲ್ಲಿ ಕೂರಿಸಿ, ಅವನ್ನು ಒಳಕ್ಕೆ ಎಳೆದಿಡುವ ಸ್ಪ್ರಿಂಗಿನ ಒಂದು ಕೊಕ್ಕೆಯನ್ನು ಸಿಕ್ಕಿಸಿ, ಇನ್ನೊಂದನ್ನು ಇಕ್ಕಳದಿಂದ ಎಳೆದರೆ ರಂಧ್ರ ಇನ್ನೂ ಅರ್ಧ ಬೆರಳಿನಷ್ಟು ದೂರವೇ ಉಳಿಯುತ್ತದೆ. ಎರಡು ಸಂಜೆ ಹೀಗೇ ಕಳೆದವು. ಇಕ್ಕಳ ಜಾರಿ ಬೆರಳಿನ ಗೆಣ್ಣೂ ತರಚಿತು. ಸ್ಪ್ರಿಂಗ್ ತಪ್ಪೋ, ನನ್ನ ಕ್ರಮ ತಪ್ಪೋ?

ಉತ್ತರ 1:
ಕ್ರಮವೇ ತಪ್ಪು ಸರ್. ಈ ಕಾರಿನಲ್ಲಿ ಸ್ಪ್ರಿಂಗನ್ನು ಎಳೆಯಲೇಬಾರದು, ಶೂವನ್ನು ಮೀಟಬೇಕು. ಎರಡೂ ಶೂಗಳನ್ನು ಮೇಜಿನ ಮೇಲಿಟ್ಟು, ಎರಡೂ ಸ್ಪ್ರಿಂಗುಗಳನ್ನು ಬ್ಯಾಕ್ ಪ್ಲೇಟಿನ (ಶೂಗಳ ಹಿಂದಿರುವ ತಗಡಿನ) ಕಡೆಗೆ ಬರುವಂತೆ ಮೊದಲೇ ಸಿಕ್ಕಿಸಿಕೊಳ್ಳಿ. ಆ ಜೋಡಿಯನ್ನು ಹಾಗೆಯೇ ಹಬ್ಬಿನ ಮೇಲಿಂದ ಇಳಿಸಿ, ಒಂದು ಶೂವಿನ ಎರಡೂ ತುದಿಗಳನ್ನು ಅವುಗಳ ಸೀಳಿನಲ್ಲಿ ಕೂರಿಸಿ. ಬಳಿಕ ಎರಡನೆಯ ಶೂವಿನ ಒಂದು ತುದಿಯನ್ನು ಕೂರಿಸಿ, ಉಳಿದ ತುದಿಯನ್ನು ದಪ್ಪ ಸ್ಕ್ರೂಡ್ರೈವರಿನಿಂದ ಮೀಟಿದರೆ, ಇಡೀ ಶೂ ಸನ್ನೆಗೋಲಿನಂತೆ ಕೆಲಸ ಮಾಡಿ ಇಕ್ಕಳಕ್ಕೆ ಬಗ್ಗದ ಸ್ಪ್ರಿಂಗ್ ತಾನಾಗಿ ಹಿಗ್ಗುತ್ತದೆ. ಮೀಟುವಾಗ ಸಿಲಿಂಡರಿನ ರಬ್ಬರ್ ಹೊದಿಕೆಗೆ ಮೊನೆ ತಗುಲದಿರಲಿ. ಕಣ್ಣಿಗೆ ಕನ್ನಡಕ ಇರಲಿ.

ಉತ್ತರ 2:
ಮೇಲಿನವರ ಮಾತು ಸರಿ, ಆದರೆ ಅದಕ್ಕೂ ಮೊದಲು ಶೂ-ಡ್ರಮ್ ನಡುವಿನ ಅಂತರ ಹೊಂದಿಸುವ ಅಡ್ಜಸ್ಟರುಗಳನ್ನು ಪೂರ್ತಿ ಸಡಿಲಿಸಿದ್ದೀರಾ ನೋಡಿ. ಸವೆದ ಲೈನಿಂಗಿಗೆಂದು (ಶೂವಿನ ಮೇಲಿನ ಉಜ್ಜುವ ಪದರ) ಹೊರಕ್ಕೆ ತಿರುಗಿಸಿಟ್ಟ ಅಡ್ಜಸ್ಟರನ್ನು ಹಾಗೆಯೇ ಬಿಟ್ಟರೆ ಶೂಗಳ ನಡುವಿನ ಅಂತರ ಹೆಚ್ಚಿ, ನೀವು ಹೇಳಿದ ಅರ್ಧ ಬೆರಳಿನ ಕೊರತೆ ಬೀಳುತ್ತದೆ. ಹೇಗೋ ಸ್ಪ್ರಿಂಗ್ ಸಿಕ್ಕಿಸಿದರೂ ಡ್ರಮ್ ಶೂಗಳ ಮೇಲೆ ಇಳಿಯುವುದಿಲ್ಲ. ಡ್ರಮ್ ಬಿಚ್ಚಿದ ಮೇಲೆ ಯಾರಾದರೂ ಪೆಡಲ್ ಒತ್ತಿದ್ದರೆ ಪಿಸ್ಟನ್ನುಗಳೂ ಮುಂದೆ ಬಂದಿರುತ್ತವೆ. ಅವುಗಳನ್ನು ಒಳಕ್ಕೆ ಒತ್ತಿ ತಂತಿಯಿಂದ ಕಟ್ಟಿಡಿ. ಆಗ ಮಾಸ್ಟರ್ ಸಿಲಿಂಡರಿನಲ್ಲಿ ಬ್ರೇಕ್ ಆಯಿಲ್ ಮೇಲೇರುತ್ತದೆ. ಅದು ಬಣ್ಣದ ಮೇಲೆ ಬಿದ್ದರೆ ಬಣ್ಣ ಏಳುತ್ತದೆ.

ಉತ್ತರ 3:
ಸುರುಳಿಗಳ ನಡುವೆ ನಾಣ್ಯ ತುರುಕಿ ಸ್ಪ್ರಿಂಗನ್ನು ಉದ್ದ ಮಾಡಿಕೊಂಡು, ಸಿಕ್ಕಿಸಿದ ಮೇಲೆ ನಾಣ್ಯಗಳನ್ನು ಕಿತ್ತುಕೊಳ್ಳುವ ಹಳೆಯ ಉಪಾಯವೊಂದಿದೆ. ಶೂ ಮೀಟಲು ಜಾಗವಿಲ್ಲದ ಕಾರುಗಳಿಗೆ ಅದು ಸರಿ. ಇಲ್ಲಿ ಅನಗತ್ಯ ಸರ್ಕಸ್ಸು. ನನಗೆ ಚಿಂತೆ ಬೇರೆ. ನೀವು ಇಕ್ಕಳದಿಂದ ಹಿಡಿದ ಸ್ಪ್ರಿಂಗಿನ ಮೇಲೆ ಗೀರು ಬಿದ್ದಿದ್ದರೆ ಅಲ್ಲಿಂದಲೇ ಅದು ಮುಂದೆ ಮುರಿಯಬಹುದು. ಬಿಡಿಯಾಗಿಟ್ಟಾಗ ಸುರುಳಿಗಳ ನಡುವೆ ಬೆಳಕು ಕಂಡರೆ ಸ್ಪ್ರಿಂಗ್ ಹಿಗ್ಗಿಹೋಗಿದೆ ಎಂದೇ ಅರ್ಥ. ಅದನ್ನು ಹಾಕಿದರೆ ಶೂ ಡ್ರಮ್ಮಿಗೆ ಉಜ್ಜುತ್ತಲೇ ಇದ್ದು ಚಕ್ರ ಕಾಯುತ್ತದೆ. ಹಳೆಯ ಶೂಗಳ ಧೂಳನ್ನು ಮಾತ್ರ ಊದಬೇಡಿ, ಆ ಕಾಲದ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು; ಒದ್ದೆ ಬಟ್ಟೆಯಿಂದ ಒರೆಸಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದ. ಒಂದು ಅಡ್ಜಸ್ಟರ್ ಅರ್ಧಕ್ಕೇ ನಿಂತಿತ್ತು. ಅದನ್ನು ಸಡಿಲಿಸಿ, ಮೇಜಿನ ಮೇಲೆಯೇ ಸ್ಪ್ರಿಂಗ್ ಸಿಕ್ಕಿಸಿಕೊಂಡು ಹೋದಾಗ ಎಡಚಕ್ರ ಹತ್ತು ನಿಮಿಷದಲ್ಲಿ ಮುಗಿಯಿತು. ಬಲಚಕ್ರದ ಒಂದು ಸ್ಪ್ರಿಂಗಿನಲ್ಲಿ ಬೆಳಕು ಕಂಡಿದ್ದರಿಂದ ಹೊಸ ಜೋಡಿಗೆ ಹೇಳಿದ್ದೇನೆ. ಅದು ಬರುವವರೆಗೆ ಕಾರು ಸ್ಟ್ಯಾಂಡಿನ ಮೇಲೆಯೇ ಇರುತ್ತದೆ.