‘ದಿ ಡಿವೋಷನ್ ಆಫ್ ಸಸ್ಪೆಕ್ಟ್ ಎಕ್ಸ್’ ಓದಿದವರು ಯಾರರ ಅದೀರೇನ್ರಿ?

ಗಣಿತ ಮಾಸ್ತರ, ಕಲಬುರಗಿ:
ಕೊನೀ ಗುಟ್ಟು ಇಲ್ಲೇ ಒಡದೀನಿ. ಇನ್ನೂ ಓದಬೇಕಂತ ಇದ್ದವರು ಇಲ್ಲಿಂದನೇ ಹೊಳ್ಳಿ ಹೋಗ್ರಿ.

ಕೈಗೊ ಹಿಗಾಶಿನೊ ಬರೆದ ಜಪಾನಿ ಕಾದಂಬರಿ, 2005ರದು. 2011ರಾಗ ಇಂಗ್ಲಿಷಿಗೆ ಬಂದದ್ದನ್ನ ನಾ ಈಗ ಓದೀನಿ. ಉದ್ಯಾನ್ ಎಕ್ಸ್‌ಪ್ರೆಸ್‌ನಾಗ ಹಿಡದಾಂವ ಕಲಬುರಗಿ ಬಂದದ್ದೇ ತಿಳೀಲಿಲ್ಲ. ಮುಂದ ವಾಡಿ ಸ್ಟೇಷನ್ನಿಗೆ ಇಳದು, ಬಾಕಿನ ಮ್ಯಾಲ ಕುಂತು ಮುಗಿಸಿದೆ.

ಇಶಿಗಾಮಿ ನಮ್ಮಂಗ ಗಣಿತ ಹೇಳಾಂವ. ಮಗ್ಗಲ ಮನಿ ಯಾಸುಕೊ, ಕಾಡ್ಲಿಕ್ಕೆ ಬಂದ ಮಾಜಿ ಗಂಡನ್ನ ಮಗಳ ಕೂಡ ಸೇರಿ ವೈರ್ ಬಿಗಿದು ಕೊಂದುಬಿಡ್ತಾಳ. ಇಂವ ಮುಚ್ಚಿಹಾಕ್ತಾನ. ಪರೀಕ್ಷಾಕ್ಕ ತಾ ಎಂಥಾ ಲೆಕ್ಕ ತಗೀತೀನಿ ಅಂತ ಅಂವ ಹೇಳ್ತಾನ ನೋಡ್ರಿ: ನೋಡ್ಲಿಕ್ಕೆ ರೇಖಾಗಣಿತ, ಖರೇ ಅದು ಬೀಜಗಣಿತದ ಫಂಕ್ಷನ್ ಲೆಕ್ಕ. ಪೊಲೀಸರಿಗೂ ಅದೇ ಲೆಕ್ಕ ಕೊಟ್ಟಾನ. ಭಲೆ!

ಆದ್ರ ಹೊಳಿ ದಂಡ್ಯಾಗ ಸಿಕ್ಕ ಹೆಣ ಆ ಗಂಡಂದಲ್ಲ. ಮನಿಯಿಲ್ಲದ ಒಬ್ಬನ್ನ ಇಶಿಗಾಮಿ ತಾನೇ ಕೊಂದು ಅಲ್ಲಿ ಹಾಕ್ಯಾನ. ಮೊದಲನೇ ಅಧ್ಯಾಯದಾಗೇ ಅಂವ ಬಂದು ಹೋಗ್ತಾನ, ‘ಎಂಜಿನಿಯರ್’ ಅಂತ. ಹೆಸರು ಸೈತ ಇಲ್ಲ. ಎಲ್ಲಾರೂ ಪ್ರೇಮ, ತ್ಯಾಗ ಅಂತ ಕಣ್ಣೀರು ಹಾಕ್ತಾರ. ನನಗೊಬ್ಬಗೇ ಇದು ಗಂಟಲದಾಗ ಸಿಕ್ಕದೇನು?

ಬೀದರಿನಾಕಿ:
ಸರ್, ಥ್ರಿಲ್ಲರಿಗೆ ಇಷ್ಟು ಪಂಚನಾಮಾ ಬ್ಯಾಡ್ರಿ. ಕೊಂದವರನ್ನ ಮೊದಲೇ ತೋರ್ಸಿ, ಸುಳಿವು ಕಣ್ಣಮುಂದೇ ಇಟ್ಟು ನಮ್ಮನ್ನ ಕೆಡವ್ಯಾನ. ಮೋಸ ಇಲ್ಲ. ಇಶಿಗಾಮಿ ಗಾಜಿನಾಗ ತನ್ನ ಮಾರಿ ನೋಡಿ, ನೀ ಇನ್ನೂ ಹುಡುಗನಂಗ ಅದೀ ಅಂತ, ಗುಟ್ಟು ಪತ್ತೆ ಮಾಡೋ ಗೆಳೆಯ ಯುಕಾವಾಗ ಅಂತಾನಲ್ಲ, ಅಷ್ಟರಾಗೇ ಯುಕಾವಾಗ ವಾಸನಿ ಹತ್ತತದ: ಇಂವಗ ಯಾರೋ ಮನಸಿಗೆ ಬಂದಾರ! ಅದಕ್ಕ ನಾ ಪೂರಾ ಅಂಕ ಕೊಡ್ತೀನಿ. ನನಗ ಸೇರಲಾರದ್ದು ಯಾಸುಕೊ. ಡಬ್ಬಿ ಊಟ ಕಟ್ಟತಾಳ, ಅಂಜತಾಳ, ಅಳ್ತಾಳ. ಆಕಿ ಮನಸಿನಾಗೂ ಇನ್ನಷ್ಟು ಇಳೀಬೇಕಿತ್ತು.

ಗುರುಮಠಕಲ್ ಕಡಿಯಾಂವ:
ಮಾಸ್ತರ್ರ ಮಾತು ಖರೇ ಅದ, ಆದ್ರ ತಪ್ಪು ಲೇಖಕಂದಲ್ರಿ. ನಮ್ಮೂರಿಂದ ಗುಳೆ ಹೋದಾಂವ ಒಬ್ಬ ಇವತ್ತಿನತನಾ ಹೊಳ್ಳಿ ಬಂದಿಲ್ಲ. ಮುಂಬೈದಾಗ ಅದಾನ ಅಂತ ಒಬ್ಬರು, ಪುಣೇದಾಗ ಅಂತ ಇನ್ನೊಬ್ಬರು. ಕಂಪ್ಲೇಂಟ್ ಕೊಡಂದ್ರ ಯಾವ ಊರಿನ ಠಾಣಾಕ್ಕ ಕೊಡ್ಬೇಕು? ಇಶಿಗಾಮಿ ಯುಕ್ತಿ ನಿಂತದ್ದು ಇದರ ಮ್ಯಾಲೇ. ಎಂಜಿನಿಯರ್ ಎಲ್ಲಿ ಹೋದ ಅಂತ ಕೇಳಾಂವ ಯಾರೂ ಇಲ್ಲ. ಇಶಿಗಾಮಿ ಅಂವನ್ನ ಗಂಡನ ಬಾಡಿಗಿ ಕೋಣ್ಯಾಗ ಇರಿಸಿದ್ದಕ್ಕ ಅಲ್ಲಿನ ಗುರುತು ಹೆಣಕ್ಕ ಕೂಡಿದ್ವು, ಪೊಲೀಸರು ಗಂಡನ ಹೆಸರು ಬರಕೊಂಡು ಎದ್ರು. ಹೆಸರು ಇಡಲಾರದ್ದು ಬೇಕಂತಲೇ ಅಂತ ನನಗ ಅನಸ್ತದ.

ಗಣಿತ ಮಾಸ್ತರ, ಕಲಬುರಗಿ:
ಇದನ್ನ ಓದಿ ಮೊದಲನೇ ಅಧ್ಯಾಯ ಮತ್ತ ತಗದೆ. ಎಂಜಿನಿಯರ್ ಅಲ್ಲಿ ಕುಂತು ಕಾರ್ಖಾನಿ ಸುದ್ದಿಯ ಪತ್ರಿಕಿ ಓದ್ತಾ ಇದ್ದ. ಮೊದಲ ಸರ್ತಿ ಆ ಪುಟ ನಾನೂ ಹಾರಿಸಿದ್ದೆ. ವಾಡ್ಯಾಗ ಆ ಬಾಕಿನ ಮ್ಯಾಲ ಒಬ್ಬಾಂವ ಮಕ್ಕೊಂಡಿದ್ದ, ನನಗ ಜಾಗಾ ಬಿಡ್ಲಿಕ್ಕೆ ಕಾಲು ಮಡಚಿದ. ಮುದುಕನೋ ಹುಡುಗನೋ, ನೆನಪಿಗೇ ಬರವಲ್ದು.