ಲೋಲಾ ಮಾಂಟೆಜ್ ಯಾರ ಮಗಳು?

ರಾಯರು: ಸ್ಪೇನಿನ ನರ್ತಕಿ ಲೋಲಾ ಮಾಂಟೆಜ್. ಅಂದಮೇಲೆ ಅವಳ ವಂಶದ ಹುಡುಕಾಟ ಸ್ಪೇನಿಂದಲೇ ಶುರು ಮಾಡೋಣ.

ಮೇಷ್ಟ್ರು: ಮಾಡಿ, ಏಳು ಜನ್ಮಕ್ಕೂ ಸಿಗಲ್ಲ. 1843ರಲ್ಲಿ ಲಂಡನ್‌ನಲ್ಲಿ ಕುಣಿದಾಗಲೇ ‘ಇವಳು ಮಿಸೆಸ್ ಜೇಮ್ಸ್ ಅಲ್ವಾ’ ಅಂತ ಗುರುತು ಹಿಡಿದುಬಿಟ್ಟರು. ತವರಿನ ಹೆಸರು ಎಲೈಜಾ ಗಿಲ್ಬರ್ಟ್. ಸಾವಿನಿಂದ ಹಿಂದಕ್ಕೆ ಬನ್ನಿ.

ಪದ್ದಕ್ಕ: ಬ್ರೂಕ್ಲಿನ್ನಿನ ಗ್ರೀನ್‌ವುಡ್ ಸ್ಮಶಾನದ ಕಲ್ಲಲ್ಲಿ ಇದೆ: ಮರಣ 1861 ಜನವರಿ 17, ವಯಸ್ಸು 42.

ಮೇಷ್ಟ್ರು: ಕಲ್ಲಲ್ಲಿ ಕೆತ್ತಿದ್ದೆಲ್ಲ ಶಾಸನ ಆಗಲ್ಲ ಪದ್ದಕ್ಕ. ಅದನ್ನೇ ನಂಬಿ ‘ಹುಟ್ಟಿದ್ದು ಐರ್ಲೆಂಡಿನ ಲಿಮರಿಕ್, 1818’ ಅಂತ ಬರೆದವರು ಬೇಕಾದಷ್ಟು. ಬ್ಯಾಪ್ಟಿಸಂ (ಚರ್ಚಿನ ನಾಮಕರಣ) ದಾಖಲೆ ಹೇಳೋದು ಹುಟ್ಟಿದ್ದು 1821 ಫೆಬ್ರವರಿ 17, ಐರ್ಲೆಂಡಿನದೇ ಸ್ಲೈಗೋ ಕೌಂಟಿಯ ಗ್ರೇಂಜ್. ಸತ್ತಾಗ 39.

ರಾಯರು: ನರ್ತಕಿಗೆ ಮೂರು ವರ್ಷ ಜಾಸ್ತಿ ಕೆತ್ತಿಸಿದರಾ! ಎದ್ದು ಬರಲಿಲ್ಲವಲ್ಲ, ಪುಣ್ಯ.

ಪದ್ದಕ್ಕ: ದಾಖಲೆ ಸ್ಲೈಗೋದಲ್ಲಿ ಸಿಕ್ಕಿತಾ?

ಮೇಷ್ಟ್ರು: ಇಂಗ್ಲೆಂಡಿನ ಲಿವರ್‌ಪೂಲಲ್ಲಿ! ಅಪ್ಪ ಎಡ್ವರ್ಡ್ ಗಿಲ್ಬರ್ಟ್ ಬ್ರಿಟಿಷ್ ಸೈನ್ಯದಲ್ಲಿ ಎನ್‌ಸೈನ್, ಅಂದರೆ ಕಿರಿಯ ಅಧಿಕಾರಿ. ಭಾರತಕ್ಕೆ ಹಡಗು ಹತ್ತುವ ಮುಂಚೆ, 1823 ಫೆಬ್ರವರಿ 16ರಂದು, ಮಗುವಿಗೆ ಎರಡು ತುಂಬಲು ಒಂದೇ ದಿನ ಇದ್ದಾಗ ಶಾಸ್ತ್ರ ಮುಗಿಸಿದರು. ಸಿಪಾಯಿ ಮಕ್ಕಳನ್ನು ಹುಟ್ಟಿದ ಊರಲ್ಲಿ ಹುಡುಕಿ ಸುಸ್ತಾಗಬೇಡಿ, ರೆಜಿಮೆಂಟ್ ಹೋದ ದಾರಿ ಹಿಡಿಯಿರಿ.

ರಾಯರು: ಐರ್ಲೆಂಡಿನ ಜನಗಣತಿ?

ಮೇಷ್ಟ್ರು: 1821ರದ್ದು ಬಹುಪಾಲು 1922ರಲ್ಲಿ ಡಬ್ಲಿನ್ನಿನ ದಾಖಲೆ ಭಂಡಾರದ ಜೊತೆ ಸುಟ್ಟು ಬೂದಿ. ಸರ್ಕಾರಿ ಜನನ ನೋಂದಣಿ ಶುರುವಾಗಿದ್ದೇ 1864ಕ್ಕೆ. ಉಳಿದದ್ದು ಚರ್ಚಿನ ಪುಸ್ತಕ. ಅದರಲ್ಲೂ ಪ್ರಾಟೆಸ್ಟೆಂಟರ ‘ಚರ್ಚ್ ಆಫ್ ಐರ್ಲೆಂಡ್’ನದ್ದು ಅರ್ಧಕ್ಕಿಂತ ಹೆಚ್ಚು ಅದೇ ಬೆಂಕಿಗೆ ಹೋಯಿತು.

ಪದ್ದಕ್ಕ: ಮದುವೆಗೆ ಮೊದಲೇ ಅಮ್ಮ ಬಸುರಿ ಅಂತ ಗುಸುಗುಸು ಇತ್ತಲ್ಲ?

ಮೇಷ್ಟ್ರು: ಮದುವೆ 1820 ಏಪ್ರಿಲ್ 29. ಎಣಿಸಿ.

ಪದ್ದಕ್ಕ: (ಬೆರಳು ಮಡಚುತ್ತಾ) ಮೇ, ಜೂನ್... ಒಂಬತ್ತೂವರೆ ತಿಂಗಳು! ಪಾಪ, ಸುಮ್ಮನೆ ಅಂದರು.

ಮೇಷ್ಟ್ರು: ಅಮ್ಮ ಎಲೈಜಾ ಆಲಿವರ್ ಮಾತ್ರ ವಿವಾಹದ ಹೊರಗೆ ಹುಟ್ಟಿದವಳು. ತಂದೆ ಚಾರ್ಲ್ಸ್ ಸಿಲ್ವರ್ ಆಲಿವರ್, ಲಿಮರಿಕ್ಕಿನ ಸಂಸದ. ನೋಡಿ, ‘ಲಿಮರಿಕ್’ ಅನ್ನೋ ಸುಳ್ಳಿನ ಬೇರು ತಾಯಿ ಕಡೆ ಸಿಕ್ಕಿತು. ಸುಳ್ಳನ್ನೂ ಗುರುತು ಹಾಕಿಟ್ಟುಕೊಳ್ಳಿ, ಎಸೆಯಬೇಡಿ.

ರಾಯರು: ಅಪ್ಪ ಏನಾದ?

ಮೇಷ್ಟ್ರು: ಅದೇ 1823ರಲ್ಲಿ ಪಾಟ್ನಾ ಹತ್ತಿರದ ದಾನಾಪುರದಲ್ಲಿ ಕಾಲರಾ. ಮರುವರ್ಷ ಅಮ್ಮ ಪ್ಯಾಟ್ರಿಕ್ ಕ್ರೇಗಿಯನ್ನು ಮದುವೆಯಾದಳು. ಭಾರತದಲ್ಲಾದ ಇಂಥ ಸಾವು, ಮದುವೆಗಳ ಚರ್ಚ್ ದಾಖಲೆಯ ಪ್ರತಿ ಲಂಡನ್ನಿಗೆ ಹೋಗುತ್ತಿತ್ತು, ಈಗ ಬ್ರಿಟಿಷ್ ಲೈಬ್ರರಿಯಲ್ಲಿ, ಪ್ರಾಂತ್ಯಕ್ಕೊಂದು ಕಂತೆ: ಬಂಗಾಳ ಎನ್/1, ಮದ್ರಾಸ್ ಎನ್/2, ಬಾಂಬೆ ಎನ್/3. ದಾನಾಪುರ ಹುಡುಕುವಾಗ ‘ಡಿನಾಪೋರ್’ (Dinapore) ಅಂತ ಹಳೆ ಕಾಗುಣಿತ ಹಾಕಿ, ಇಲ್ಲದಿದ್ದರೆ ಸೊನ್ನೆ.

ಪದ್ದಕ್ಕ: ನಮ್ಮ ಬೆಂಗಳೂರು ಕಂಟೋನ್ಮೆಂಟಿನ ಐರಿಷ್ ಹೆಂಗಸರು?

ಮೇಷ್ಟ್ರು: ಎನ್/2. ಮೈಸೂರು ಅಂತ ಬೇರೆ ಕಂತೆ ಇಲ್ಲ.

ರಾಯರು: ಜರ್ಮನಿಯ ಬವೇರಿಯಾ ರಾಜ ಲೋಲಾಗೆ ಕೌಂಟೆಸ್ ಪಟ್ಟ ಕೊಟ್ಟನಲ್ಲ, ಅವನನ್ನು ವಂಶವೃಕ್ಷದಲ್ಲಿ ಎಲ್ಲಿ ಕೂರಿಸೋಣ?

ಪದ್ದಕ್ಕ: ಮರದ ಕೆಳಗೆ. ಪಟ್ಟ ಕೊಟ್ಟ ಮರುವರ್ಷವೇ ಅವನ ಸಿಂಹಾಸನ ಹೋಯಿತು.